ವಕೀಲರ ಇನ್‌ಬಾಕ್ಸಿನ ದೇವರುಗಳು

ಬಾಗಿಲಿನ ಮೇಲಿನ ಚಿಲಕ ಕಿತ್ತುಬಂತು!

ಹೊರಗೆ ಮೂವರು. ಒಳಗೆ ನಾನು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡ ವೃದ್ಧ ವಕೀಲ ಅನಂತರಾಮರಾಯರು, ಮತ್ತು ಅವರ ಇನ್‌ಬಾಕ್ಸಿನ ತುಂಬ ದೇವರು.

"ಅಳಸ್ರೀ ರಾಯರ! ಜಲ್ದಿ!"

"ಆಗಲ್ಲಮ್ಮ ಭಾಗೀರಥಿ. ಬೇರೆ ಏನು ಬೇಕಾದ್ರೂ ಕೇಳು."

"ಬರೇ ಫೋಟೋ ಅವು!"

"ಫೋಟೋ ಅನ್ಬೇಡ. ಲಕ್ಷ್ಮೀನರಸಿಂಹ ಅನ್ನು."

ಬಾಗಿಲಿಗೆ ಇನ್ನೊಂದು ಒದೆ...

ಅರಗಿನ ಮನೆಗಾದರೂ ಸುರಂಗವಿತ್ತು. ಡೊಂಬಿವಲಿಯ ಈ ಮೂರನೆಯ ಮಹಡಿಗೆ ಒಂದೇ ಬಾಗಿಲು.

ಕೇಳಿ, ಇಷ್ಟು ಮೊದಲು ತಿಳಿದಿರಲಿ. ಸಿಕ್ಕಿಬಿದ್ದವರನ್ನು ಬಿಡಿಸುವುದು ನನ್ನ ವೃತ್ತಿ. ಆ ವಾರ ಸಿಕ್ಕಿಬಿದ್ದವನು ಸಂಗಮೇಶ. ಕಲಬುರಗಿ ಕಡೆಯವನು, ತುರ್ಭೆಯ ಗೋದಾಮಿನಲ್ಲಿ ಹಮಾಲ. ಅವನ ಅಣ್ಣ ಮಾಪಣ್ಣ ಹಮಾಲರನ್ನು ಒಗ್ಗೂಡಿಸಿ ಕೋರ್ಟಿಗೆ ಹೋಗಿದ್ದ. ಅದಕ್ಕಾಗಿ ಲೇಬರ್ ಕಾಂಟ್ರಾಕ್ಟರ್ ಮಯೂರ್ ಅವನನ್ನು ಕಬ್ಬಿಣದ ಸಲಾಕೆಯಿಂದ ಬಡಿದು ಕೊಂದ. ಮೂಟೆಗಳ ಸಂದಿಯಿಂದ ಸಂಗಮೇಶ ಅದನ್ನು ವೀಡಿಯೋ ಮಾಡಿದ. ಅವರ ಖಟ್ಲೆ ನಡೆಸುತ್ತಿದ್ದ ರಾಯರಿಗೆ ಅಲ್ಲಿಂದಲೇ ಮೇಲ್ ಕಳಿಸಿದ.

ಆಮೇಲೆ ಸಿಕ್ಕಿಬಿದ್ದ. ಮಯೂರ್ ಅವನ ಫೋನಿನಲ್ಲಿ ವಕೀಲರ ಹೆಸರು ನೋಡಿದ. ಫೋನನ್ನು ಲಾರಿಯ ಗಾಲಿಗೆ ಕೊಟ್ಟ. ಸಂಗಮೇಶನನ್ನು ಪೋಲೀಸರಿಗೆ ಕೊಟ್ಟ. ಅಣ್ಣನನ್ನು ಕೊಂದವನು ತಮ್ಮನೇ ಎಂದು ಸಾಕ್ಷಿ ಹೇಳಲು ತನ್ನ ಜನರನ್ನು ನಿಲ್ಲಿಸಿದ.

ಲಾಕಪ್ಪಿನ ಸರಳು ಹಿಡಿದು ಸಂಗಮೇಶ ನನಗೆ ಹೇಳಿದ್ದಿಷ್ಟು: "ಮೇಲ್ ಮುಟ್ಟಿಲ್ರೀ ಅಕ್ಕಾ. ಸಾಹೇಬ್ರ ಡಬ್ಬಿ ತುಂಬ್ಯಾದಂತ. ಎರಡು ದಿನ ಮತ್ತ ಮತ್ತ ಕಳಿಸಿ ನೋಡ್ತೀವಿ, ಆಮ್ಯಾಲ ಬಿಟ್ಟುಬಿಡ್ತೀವಿ ಅಂತ ಫೋನಿಗಿ ಬಂದಿತ್ತು."

ಆ ಗಡುವು ಅಂದು ಸಂಜೆಗೆ ಮುಗಿಯುತ್ತಿತ್ತು. ಅಂದೇ ಸಂಗಮೇಶನನ್ನು ಠಾಣೆ ನಗರದ ಕೋರ್ಟಿಗೆ ಹಾಜರುಪಡಿಸುವವರಿದ್ದರು. ಪುಡಿಯಾದ ಫೋನಿಲ್ಲದೆ ಸಂಗಮೇಶನ ಖಾತೆ ತೆರೆಯದು. ವೀಡಿಯೋಗೆ ಬೇರೆ ನಕಲಿಲ್ಲ. ರಾಯರ ಇನ್‌ಬಾಕ್ಸಿನಲ್ಲಿ ಜಾಗವಾದರೆ ಸಂಗಮೇಶ ಉಳಿಯುತ್ತಾನೆ. ಆಗದಿದ್ದರೆ ಜೀವಾವಧಿ!

ಜಾಗವನ್ನು ತಿಂದವರು ಭಜನಾ ಮಂಡಳಿಯ ಭಕ್ತರು. ಪ್ರತಿ ಬೆಳಗ್ಗೆ ಪ್ರತಿಯೊಬ್ಬರದೂ ಒಂದು ಶುಭೋದಯ, ಜೊತೆಗೊಂದು ದೇವರ ಚಿತ್ರ. ರಾಯರು ತೆರೆಯುತ್ತಾರೆ, ಕೈಮುಗಿಯುತ್ತಾರೆ, ಇಟ್ಟುಕೊಳ್ಳುತ್ತಾರೆ. ಹಳೆಯ ಕ್ಯಾಲೆಂಡರಿನ ದೇವರನ್ನೂ ರದ್ದಿಗೆ ಹಾಕದ ಮನೆ ಅದು.

"ನಿನ್ನೆ ಹೂವು ದೇವರ ತಲಿ ಮ್ಯಾಲ ಇಡ್ತೀರೇನ್ರೀ?" ಎಂದೆ. "ನಿರ್ಮಾಲ್ಯ ಅಂತ ತೆಗೀತೀರಿ. ಇವೂ ನಿರ್ಮಾಲ್ಯನ!"

ರಾಯರು ಒಂದು ಕ್ಷಣ ಯೋಚಿಸಿದರು. "ನಿರ್ಮಾಲ್ಯವನ್ನ ನೀರಿಗೆ ಬಿಡ್ತೀವಮ್ಮ. ಇಲ್ಲಿ ನೋಡು, ಕಸದ ಬುಟ್ಟಿ ತೋರಿಸ್ತಿದೆ."

ಲ್ಯಾಪ್‌ಟಾಪನ್ನು ಕಸಿಯಲು ಕೈ ಚಾಚಿದೆ.

ಬಾಗಿಲು ಬಿತ್ತು!

ಇಬ್ಬರು ಆಳುಗಳೊಡನೆ ಮಯೂರ್ ಒಳಬಂದ. ಕಲ್ಯಾಣದಲ್ಲಿ ಹುಟ್ಟಿದ ಕನ್ನಡಿಗ. ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ.

"ವೀಡಿಯೋ ಕಿಧರ್ ಹೈ, ಮೌಶಿ?"

"ಹೊರಗ ಬೂಟು ಬಿಟ್ಟು ಬಾರೋ ಮೊದಲ."

ಸಲಾಕೆ ನನ್ನ ಪಕ್ಕೆಗೆ ಬಿತ್ತು. ಒಳಗೆ ಏನೋ ಲಟಕ್ಕೆಂದಿತು. ನೆಲ ಕಂಡಿತು, ಆಮೇಲೆ ನಕ್ಷತ್ರಗಳು.

ಮಯೂರ್ ಲ್ಯಾಪ್‌ಟಾಪ್ ಕಿತ್ತುಕೊಂಡ. ರಾಯರ ಬಲಗೈಯ ತೋರುಬೆರಳನ್ನು ಹಿಡಿದ.

"ಕೌನ್ಸಾ ಮೇಲ್?"

"ಬಂದಿಲ್ಲಪ್ಪ."

"ಝೂಟ್!" ಬೆರಳು ಒಣಕಡ್ಡಿಯಂತೆ ಮುರಿಯಿತು.

ರಾಯರು ಚೀರಲಿಲ್ಲ. "ನಾರಾಯಣ" ಎಂದರು, ಅಷ್ಟೆ.

ಆಗ ಹೊಳೆಯಿತು ನನಗೆ... ವೀಡಿಯೋ ಒಳಗಿದೆಯೆಂದೇ ಇವನು ನಂಬಿದ್ದಾನೆ!

ತೆವಳಿಕೊಂಡು ಹೋಗಿ ಅವನ ಬೂಟು ಹಿಡಿದೆ. "ಬ್ಯಾಡೋ ಮಯೂರಾ! ಕಾಲಿಗೆ ಬೀಳ್ತೀನಿ! ಆ ದೇವರ ಫೋಟೋದಾಗ ಎಲ್ಲೋ ಸೇರ್‍ಯದ ಅದು... ಏನೂ ಅಳಸಬ್ಯಾಡ!"

ಅವನ ಹಲ್ಲು ಹೊಳೆಯಿತು. "ಸಬ್ ಉಡಾ ದೇತಾ ಹೂಂ."

ಎಲ್ಲವನ್ನೂ ಆಯ್ದ. ಒತ್ತಿದ. ಸೋಮವಾರದ ಶಿವ ಹೋದ. ಶುಕ್ರವಾರದ ಲಕ್ಷ್ಮಿ ಹೋದಳು. ಶನಿವಾರದ ಹನುಮಂತನೂ ಹಾರಿದ. ರಾಯರು ಕಣ್ಣು ಮುಚ್ಚಿದರು.

ಆದರೆ ಬುಟ್ಟಿಗೆ ಬಿದ್ದದ್ದು ಜಾಗ ಬಿಡುವುದಿಲ್ಲ. ಅದು ನನಗೆ ಗೊತ್ತಿತ್ತು.

"ಅಳಬ್ಯಾಡ್ರಿ ರಾಯರ," ಪಿಸುಗುಟ್ಟಿದೆ, ಮಯೂರನಿಗೆ ಕೇಳಿಸುವಂತೆ. "ಕಸದ ಬುಟ್ಟಿಯೊಳಗ ಒಂದು ತಿಂಗಳ ಇರ್ತಾವ..."

"ಅಚ್ಛಾ? ಬಹುತ್ ಶಾಣೀ ಹೈ ತೂ!"

ಬುಟ್ಟಿಯನ್ನೂ ಖಾಲಿ ಮಾಡಿದ! ಆಮೇಲೆ ಲ್ಯಾಪ್‌ಟಾಪನ್ನು ಬೂಟಿನಿಂದ ಮೆಟ್ಟಿ ಮುರಿದ. ಇನ್‌ಬಾಕ್ಸು ಅದರ ಹೊಟ್ಟೆಯಲ್ಲಿಯೇ ಇದೆಯೆಂದು ಭಾವಿಸಿದ್ದ ಪುಣ್ಯಾತ್ಮ.

"ಅಬ್ ಇನ್ ದೋನೋಂ ಕೋ ಭೀ ಡಿಲೀಟ್ ಕರೋ."

ಒಬ್ಬ ಚಾಕು ತೆರೆದ. ನನ್ನ ಕೈಗೆ ಸಿಕ್ಕಿದ್ದು ದೇವರ ಮುಂದಿನ ಹಿತ್ತಾಳೆಯ ಗಂಟೆ. ಅವನ ದವಡೆಗೆ ಬೀಸಿದೆ. ಟಣ್! ಎರಡು ಹಲ್ಲು ಹೂವಿನ ತಟ್ಟೆಗೆ ಬಿದ್ದವು.

ಮಯೂರ್ ಸಲಾಕೆ ಎತ್ತಿದ.

ರಾಯರು ಧೂಪದ ಪಾತ್ರೆಯನ್ನು ಎಡಗೈಯಲ್ಲಿ ಎತ್ತಿ ಕೆಂಡವನ್ನೆಲ್ಲ ಅವನ ಮುಖಕ್ಕೆ ಎರಚಿದರು. "ದೇವರಿಗೆ ಆಯ್ತು. ನೀನೂ ತಗೋ!"

ಅವನ ಕೂಗು ಮೆಟ್ಟಿಲುಗಳ ಕೊನೆಯವರೆಗೂ ನಮ್ಮ ಬೆನ್ನು ಹತ್ತಿತು. ಮೂರನೆಯವನೂ ಚಾಕು ತೆಗೆದು ಬೆನ್ನು ಹತ್ತಿದ. ರಿಕ್ಷಾ, ಸ್ಟೇಷನ್, ಸೇತುವೆ... ಠಾಣೆಗೆ ಹೋಗುವ ಲೋಕಲ್ ರೈಲು ಹೊರಡುವಾಗ ನಾವು ನುಗ್ಗಿದೆವು. ಹಿಂದೆಯೇ ಅವನು.

ಆದರೆ ಅದು ಡೊಂಬಿವಲಿಯ ಗರ್ದಿ. ಚಾಕು ಹಿಡಿದ ಕೈ ಎತ್ತಲು ಅವನಿಗೆ ಗೇಣು ಜಾಗವಿಲ್ಲ! ನನಗೂ ಇಲ್ಲ. ಹಣೆಯಷ್ಟೇ ಆಡುತ್ತಿತ್ತು. ಹಣೆಯಿಂದ ಅವನ ಮೂಗಿಗೆ ಗುದ್ದಿದೆ. ಒಮ್ಮೆ. ಮತ್ತೊಮ್ಮೆ. ದಿವಾ ಸ್ಟೇಷನ್ನಿನಲ್ಲಿ ಇಳಿಯುವವರು ಅವನನ್ನೂ ಇಳಿಸಿಕೊಂಡು ಹೋದರು.

ಕೇಸಿನ ಇನ್ಸ್‌ಪೆಕ್ಟರ್ ಅಪರ್ಣಾ ಠಾಣೆಯ ಕೋರ್ಟಿನ ಪಡಸಾಲೆಯಲ್ಲಿದ್ದಳು. ಪಕ್ಕದಲ್ಲಿ ಬೇಡಿ ತೊಟ್ಟ ಸಂಗಮೇಶ. ಅವಳ ಲ್ಯಾಪ್‌ಟಾಪಿನಲ್ಲಿ ರಾಯರು ಎಡಗೈಯಿಂದ ತಮ್ಮ ಇನ್‌ಬಾಕ್ಸ್ ತೆರೆದರು.

ಬರಿದು. ಗುಡಿಸಿದ ಅಂಗಳದ ಹಾಗೆ.

ಕಾದೆವು...

ಟಿಂಗ್! 'ಶುಭ ಶುಕ್ರವಾರ.' ಬೆಳಗಿನಿಂದ ಜಾಗ ಸಿಗದೆ ಹೊರಗೆ ನಿಂತಿದ್ದ ಮಹಾಲಕ್ಷ್ಮಿ. ರಾಯರು ಮುರಿದ ಬೆರಳಿನಲ್ಲೇ ಕೈಮುಗಿದರು.

ಟಿಂಗ್! ಗಣಪತಿ.

"ಹೇ ದಾಖವಾಯಲಾ ಆಲಾತ್, ಮಾವಶಿ?" ಅಪರ್ಣಾಳ ತಾಳ್ಮೆ ಸವೆಯಿತು. ಇದನ್ನು ತೋರಿಸಲು ಓಡಿಬಂದಿರಾ ಎಂಬುದು ಅವಳ ಪ್ರಶ್ನೆ. ಕೋರ್ಟಿನ ಜವಾನ ಸಂಗಮೇಶನ ಹೆಸರು ಕೂಗಿದ.

ಟಿಂಗ್!

ಸಂಗಮೇಶನ ಮೇಲ್.

ವೀಡಿಯೋ ಓಡಿತು. ಮೂಟೆಗಳು. ಮಯೂರನ ಮುಖ, ನಿಚ್ಚಳವಾಗಿ. ಎತ್ತಿದ ಸಲಾಕೆ. ಬಿದ್ದ ಮಾಪಣ್ಣ. ಅಪರ್ಣಾ ಬೇಡಿಯ ಬೀಗದ ಕೈಗಾಗಿ ಜೇಬು ತಡವಿದಳು.

ಸಂಗಮೇಶ ಬೇಡಿಯ ಕಡೆ ನೋಡಲೇ ಇಲ್ಲ.

"ಅಣ್ಣ ಕಡೀಕ ನನ್ನ ಹೆಸರು ಕರದಾನ್ರೀ ಅಕ್ಕಾ," ಎಂದ. "ಕೇಳ್ತು?"

ಕೇಳಿತ್ತು.

ಸುಟ್ಟ ಮುಖಕ್ಕೆ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದ ಮಯೂರ್ ಕಲ್ಯಾಣದ ಒಂದು ದವಾಖಾನೆಯಲ್ಲಿ ಸಿಕ್ಕಿಬಿದ್ದ. ಈ ಬಾರಿ ಬಿಡಿಸಲು ನಾನು ಹೋಗಲಿಲ್ಲ.

"ನಾನು ಒಬ್ಬ ದೇವರನ್ನೂ ಅಳಿಸಲಿಲ್ಲ," ಬೆರಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ ರಾಯರು ಹೇಳಿದರು. "ನೀನೇ ನೋಡಿದೆಯಲ್ಲಮ್ಮ?"

"ನೋಡೀನ್ರಿ."

ಮಯೂರನ ಮೇಲೆ ಈಗ ಕೊಲೆಯ ಆರೋಪವಿದೆ. ಅಷ್ಟು ದೇವರನ್ನು ಬುಟ್ಟಿಗೆ ಹಾಕಿದ್ದಕ್ಕೆ ನಮ್ಮ ಕಾನೂನಿನಲ್ಲಿ ಕಲಮಿಲ್ಲ. ಆ ಖಟ್ಲೆ ಬೇರೆ ಕೋರ್ಟಿನದು.

ಅಲ್ಲಿ ಜಾಮೀನು ಕೊಡುವುದಿಲ್ಲ!