ಪ್ಲಾಸ್ಟಿಕ್ ಗಿಡಕ್ಕೆ ಗೊಬ್ಬರ

ನಮ್ಮ ಕನ್ನಡಕದಂಗಡಿಯ ಕೌಂಟರಿನ ಮೇಲಿರುವ ಗಿಡ ಪ್ಲಾಸ್ಟಿಕ್ಕಿನದು. ಅದಕ್ಕೆ ನರ್ಸರಿಯ ಹುಡುಗ ಪ್ರತಿ ಶನಿವಾರ ಗೊಬ್ಬರ ಹಾಕುತ್ತಿದ್ದ.

ಕಿಟಕಿಯ ಬಳಿಯ ಗಿಡಗಳು ಮಾತ್ರ ನಿಜವಾದವು, ಅಮ್ಮ ನೆಟ್ಟವು. ಅಮ್ಮ ತೀರಿಕೊಂಡ ಮೇಲೆ ಅವೂ ಬಾಡಿದವು, ನಾನೂ ಬಾಡಿದೆ. ಅಂಗಡಿಯ ಯಜಮಾನರಾದ ಚಿಕ್ಕಪ್ಪ ಆಗ ಗಿಡಗಳ ಆರೈಕೆಗೆ ನರ್ಸರಿಯಿಂದ ಇವನನ್ನು ಗೊತ್ತುಮಾಡಿದರು. ದ್ರವಗೊಬ್ಬರವನ್ನು ತಿಳಿ ಚಹಾದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ, ಬುಡಕ್ಕೆ ಇಷ್ಟಿಷ್ಟೇ ಹಾಕುತ್ತಿದ್ದ.

"ಇಷ್ಟೇ ಸಾಕಾ?" ಎಂದು ಕೇಳಿದ್ದೆ.

"ಒಂದೇ ಸಲ ಸುರಿದ್ರೆ ಬೇರು ಸುಟ್ಟುಹೋಗತ್ತೆ. ಸ್ವಲ್ಪ ಸ್ವಲ್ಪ ಕೊಡ್ಬೇಕು, ಆದ್ರೆ ತಪ್ಪದೆ ಕೊಡ್ಬೇಕು."

ಕೊನೆಗೆ ಕೌಂಟರಿಗೆ ಬಂದು, ಆ ಪ್ಲಾಸ್ಟಿಕ್ ಗಿಡಕ್ಕೂ ಒಂದು ಗುಟುಕು ಹಾಕಿ, "ಊಟ ಆಯ್ತಾ?" ಎಂದು ಕೇಳುತ್ತಿದ್ದ. ಗಿಡವನ್ನಲ್ಲ, ನನ್ನನ್ನು.

ಆಗಿರದಿದ್ದರೂ "ಆಯ್ತು" ಎನ್ನುತ್ತಿದ್ದೆ. ಬರಬರುತ್ತಾ ಆ ಕಣ್ಣುಗಳ ಎದುರು ಸುಳ್ಳು ಹೇಳಲು ನಾಚಿಕೆಯಾಗಿ, ಶನಿವಾರ ಅವನು ಬರುವ ಮೊದಲೇ ಊಟ ಮುಗಿಸತೊಡಗಿದೆ. ಆಮೇಲೆ ಎಲ್ಲ ದಿನವೂ ಹೊತ್ತಿಗೆ ಸರಿಯಾಗಿ ಉಂಡೆ.

ಗಿಡ ಪ್ಲಾಸ್ಟಿಕ್ಕಿನದು ಎಂದು ಹೇಳಲೇ ಇಲ್ಲ. ಹೇಳಿದರೆ ಅವನು ಕೌಂಟರಿನವರೆಗೆ ಯಾಕೆ ಬಂದಾನು? ಅವನು ಹೋದಮೇಲೆ ಗುಟ್ಟಾಗಿ ಕುಂಡದ ನೀರು ಚೆಲ್ಲುತ್ತಿದ್ದೆ.

ಕಳೆದ ವಾರ ಚೆಲ್ಲಲು ಮರೆತೆ. ಈ ಶನಿವಾರ ಅವನು ಹಾಕಿದ ನೀರು ಉಕ್ಕಿ, ಚಿಕ್ಕಪ್ಪನ ಬಿಲ್ ಮೆಷೀನಿನ ಕೆಳಗೆ ಹರಿಯಿತು. ಅವನು ಒರೆಸುವ ಬಟ್ಟೆ ತರಲು ಓಡಿದ.

"ಪ್ಲಾಸ್ಟಿಕ್ ಗಿಡಕ್ಕೆ ಗೊಬ್ಬರಾನಾ? ಇವನ ತಲೇಲೇನು ಸಗಣಿ ತುಂಬಿದ್ಯಾ? ಮುಂದಿನ ವಾರದಿಂದ ಇವನು ಬೇಡ!" ಎಂದು ಚಿಕ್ಕಪ್ಪ ಸಿಡಿದರು.

ನಾನು ತಟ್ಟನೆ ಅಡ್ಡ ಬಂದೆ. "ಪಾಪ, ಕಣ್ಣು ಮಂದ ಇರ್ಬೇಕು ಚಿಕ್ಕಪ್ಪ. ಟೆಸ್ಟ್ ಮಾಡ್ತೀನಿ, ಕನ್ನಡಕ ತಗೊಂಡ್ರೆ ಸರಿಹೋಗ್ತಾರೆ."

ಒಬ್ಬ ಗಿರಾಕಿ ಸಿಕ್ಕಿದನೆಂದು ಚಿಕ್ಕಪ್ಪ ತಣ್ಣಗಾದರು.

ಒರೆಸಿ ಮುಗಿಸಿದವನನ್ನು ಪರದೆಯ ಹಿಂದಿನ ಕುರ್ಚಿಯಲ್ಲಿ ಕೂರಿಸಿ, ಅವನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದೆ. ಅದಕ್ಕೆಂದೇ ಉಪಕರಣವಿದೆ, ನಾನು ಹುಡುಕಲಿಲ್ಲ. ಅವನ ರೆಪ್ಪೆ ಅಂಗೈಯೊಳಗೆ ಪಟಪಟ ಬಡಿಯುತ್ತಿತ್ತು.

"ಓದಿ."

ಗೋಡೆಯ ಮೇಲಿನ ಅಕ್ಷರಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ತಡವರಿಸದೆ ಓದಿದ. "ಅದರ ಕೆಳಗೆ ಅಚ್ಚು ಹಾಕಿದ ಪ್ರೆಸ್ಸಿನ ಹೆಸರೂ ಇದೆ. ಓದ್ಲಾ?"

ನಾನು ಕೈ ತೆಗೆದೆ. "ಹಾಗಾದ್ರೆ ಆ ಗಿಡ..."

"ಎಲೆ ಹಿಂದೆ 'ಸೋಪಿನಲ್ಲಿ ತೊಳೆಯಿರಿ' ಅಂತ ಚೀಟಿ ಇದೆ." ಅವನು ತಲೆ ತಗ್ಗಿಸಿದ. "ಮೊದಲ ದಿನವೇ ಓದಿದ್ದೆ."

"ಮತ್ಯಾಕೆ ಗೊಬ್ಬರ?"

"ನಿಮ್ಮ ಹತ್ರ ನಿಲ್ಲೋಕೆ ಒಂದು ನೆಪ ಬೇಡ್ವಾ? ನೀವಾದ್ರೂ ಹೇಳ್ಬಹುದಿತ್ತಲ್ಲ, ಪ್ಲಾಸ್ಟಿಕ್ ಅಂತ?"

"ನೆಪ ನಂಗೂ ಬೇಕಿತ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ನನ್ನ ಕಣ್ಣು ತುಂಬಿತು.

"ಅಮ್ಮನ ಗಿಡಗಳನ್ನ ಉಳಿಸಿದ್ರಿ, ನನ್ನನ್ನೂ ಉಳಿಸಿದ್ರಿ," ಎಂದೆ. "ಆಗ ಯಾರಾದ್ರೂ ಒಂದೇ ಸಲ ಪ್ರೀತಿ ಸುರಿದಿದ್ರೆ ನನ್ನ ಕೈಲಿ ತಡೆಯೋಕೆ ಆಗ್ತಿರ್ಲಿಲ್ಲ. ನೀವು ಸ್ವಲ್ಪ ಸ್ವಲ್ಪಾನೇ ಕೊಟ್ರಿ."

ಅವನು ಮೆಲ್ಲನೆ ನನ್ನ ಕೈ ಹಿಡಿದ.

ಪರದೆಯಾಚೆಯಿಂದ ಚಿಕ್ಕಪ್ಪ ಕೂಗಿದರು, "ಏನಮ್ಮಾ, ಎಷ್ಟು ಪವರ್?"

"ಕಣ್ಣು ಚೆನ್ನಾಗೇ ಇದೆ ಚಿಕ್ಕಪ್ಪ!"

"ಹಾಗಾದ್ರೆ ತಲೇಲಿ ಸಗಣೀನೇ!"

"ಇರ್ಲಿ ಬಿಡಿ, ಅದೂ ಗೊಬ್ಬರಾನೇ. ಮುಂದಿನ ವಾರಾನೂ ಇವರೇ ಬರ್ತಾರೆ."

ಆಚೆಯಿಂದ ಚಿಕ್ಕಪ್ಪ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು.

ಗಡಿಬಿಡಿಯಲ್ಲಿ ಮರೆತದ್ದು ಅವನಿಗೆ ಈಗ ನೆನಪಾಯಿತು. "ಊಟ ಆಯ್ತಾ?"

ಆಗಿತ್ತು, ಹೊಟ್ಟೆತುಂಬ.

"ಇಲ್ಲ," ಎಂದೆ. "ಬನ್ನಿ, ಒಟ್ಟಿಗೆ ಮಾಡೋಣ."