ನರಿಗುಡ್ಡದ ಡಬ್ಬಿ

ಭಾನುವಾರ ಬೆಳಿಗ್ಗೆ ಎಂಟೂಕಾಲು. ಕೈವಾರದ ಆಚೆ ನರಿಗುಡ್ಡ. ಹುಡುಗಿಯೊಬ್ಬಳು ಬಂಡೆಯ ಸಂದಿಗೆ ಬಲಗೈ ಹಾಕಿದಳು. ಅವಳು ಕಿರುಚಿದ್ದು ಕೆಳಗಿನ ಹೊಲಗಳವರೆಗೂ ಕೇಳಿಸಿತು.

ನಾನು ಗುಡ್ಡ ಹತ್ತುವ ಹೊತ್ತಿಗೆ ಅವಳನ್ನು ಆಂಬುಲೆನ್ಸ್‌ನಲ್ಲಿ ಸಾಗಿಸಿ ಆಗಿತ್ತು. ಬಂಡೆಯ ಮೇಲಿನ ರಕ್ತ ಒಣಗಿರಲಿಲ್ಲ. ಪಕ್ಕದಲ್ಲಿ, ಅದರ ಮೇಲೆ ಮುಚ್ಚಿದ್ದ ತರಗೆಲೆಯ ನಡುವೆ, ಕಬ್ಬಿಣದ ಬೋನು ಬಿದ್ದಿತ್ತು. ಎರಡು ದವಡೆ, ದವಡೆಯ ತುಂಬ ಹಲ್ಲು. ಕಾಡುಹಂದಿಯ ಕಾಲು ಹಿಡಿಯಲು ಮಾಡಿದ್ದು. ಅದು ಹಿಡಿದದ್ದು ಹರಿತಾ ಎಂಬ ಇಪ್ಪತ್ತಮೂರು ವರ್ಷದ ಹುಡುಗಿಯ ಮೂರು ಬೆರಳನ್ನು.

ಹರಿತಾ ನಗರಗೆರೆಯವಳು. ಕುಡುಮಲಕುಂಟೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಕೆಲಸ. ಬೆರಳಿದ್ದರೆ ಸಂಬಳ, ಇಲ್ಲದಿದ್ದರೆ ಇಲ್ಲ. ಶನಿವಾರ ಕೈವಾರದ ಚಿಕ್ಕಮ್ಮನ ಮನೆಗೆ ಬಂದಿದ್ದಳು.

"ಡಬ್ಬಿ ಹುಡುಕ್ಕೊಂಡು ಬರ್ತೀನಿ ಚಿಕ್ಕಮ್ಮ ಅಂತ ಹೋದ್ಲು ಮೇಡಂ," ಎಂದು ಚಿಕ್ಕಮ್ಮ ವರಲಕ್ಷ್ಮಮ್ಮ ಎದೆ ಬಡಿದುಕೊಂಡು ಅತ್ತಳು. "ಫೋನಿನ ಆ್ಯಪ್ ನೋಡ್ಕೊಂಡು ಯಾರೋ ಬಚ್ಚಿಟ್ಟ ಡಬ್ಬಿ ಹುಡುಕೋ ಆಟ ಅಂತೆ. ಯಾವ ಮುಂಡೇಮಗ ಇಟ್ಟನೋ ಆ ಬೋನನ್ನ!"

ನನ್ನ ಹೆಸರು ಲಕ್ಷ್ಮೀನರಸಮ್ಮ. ಎಎಸ್‌ಐ. ಇಪ್ಪತ್ತೊಂಬತ್ತು ವರ್ಷದ ಸರ್ವಿಸ್. ನನಗೆ ಕೋಪ ಜಾಸ್ತಿ ಎಂದು ಮೇಲಿನವರು ಬರೆದಿಟ್ಟಿದ್ದಾರೆ. ಬರೆದವರ ಮೇಲೂ ನನಗೆ ಕೋಪವಿದೆ.

ಟಾರ್ಚ್ ಬಿಟ್ಟು ನೋಡಿದೆ. ಬೋನು ಇದ್ದ ಜಾಗದ ಹಿಂದೆ, ಸಂದಿಯ ಒಳಗೆ, ಒಂದು ಪ್ಲಾಸ್ಟಿಕ್ ಡಬ್ಬಿ. ಕರವಸ್ತ್ರದಲ್ಲಿ ಹಿಡಿದು ಹೊರಗೆ ತೆಗೆದೆ. ಒಳಗೆ ಪುಟ್ಟ ನೋಟ್‌ಬುಕ್, ಪೆನ್ಸಿಲ್, ಒಂದು ಗಾಜಿನ ಬಳೆ, ಅಂಗಿಯ ಗುಂಡಿ, ಒಂದು ರೇಷ್ಮೆಗೂಡು. ನಾನು ಶಿಡ್ಲಘಟ್ಟದ ಪಕ್ಕ ಹುಳು ಸಾಕುವ ಮನೆಯಲ್ಲಿ ಹುಟ್ಟಿದವಳು. ಗೂಡು ಕೈಗೆ ಬಂದರೆ ಕಿವಿಯ ಹತ್ತಿರ ಅಲ್ಲಾಡಿಸದೆ ಇರಲಾರೆ. ಅಲ್ಲಾಡಿಸಿದೆ. ಒಳಗೆ ಹುಳು ಭಾರವಾಗಿ ಬಡಿಯಿತು. ಎಲ್ಲವನ್ನೂ ಕವರಿಗೆ ಹಾಕಿ ಪಟ್ಟಿ ಬರೆದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಡಬ್ಬಿ ಇಟ್ಟವನ ಹೆಸರಿತ್ತು. ನವೀದ್, ಶಿಡ್ಲಘಟ್ಟ.

ಹತ್ತು ಗಂಟೆಗೆ ಅವನೇ ಬೈಕಿನಲ್ಲಿ ಬಂದ. ಚೀಲದಲ್ಲಿ ಹೊಸ ನೋಟ್‌ಬುಕ್ಕು, ಹೊಸ ಪೆನ್ಸಿಲ್ಲು. ಪೊಲೀಸರನ್ನು ನೋಡಿ ಗಾಬರಿಯಾಗಿ ಕೇಳಿದ, "ಯಾಕೆ ಸಾರ್, ಏನಾಯ್ತು?"

"ಬಂದ್ನಲ್ಲಪ್ಪ ಹೀರೋ," ಎಂದರು ನಮ್ಮ ಇನ್ಸ್‌ಪೆಕ್ಟರ್ ಸಾಹೇಬರು. ಕಪಾಳಕ್ಕೆ ಒಂದು ಬಿಟ್ಟರು.

* * *

ಮಧ್ಯಾಹ್ನದೊಳಗೆ ಕಥೆ ಸಿದ್ಧವಾಗಿತ್ತು. ಹುಡುಗ ಪ್ರೀತಿಸಿದ, ಹುಡುಗಿ ಒಪ್ಪಲಿಲ್ಲ, ಹುಡುಗ ಸೇಡು ತೀರಿಸಿಕೊಂಡ. ಯಾರೋ ನವೀದನ ಫೋಟೊ ಹಾಕಿ ವಿಡಿಯೊ ಮಾಡಿ ಹಂಚಿದ್ದರು. ಹುಡುಗನ ಹೆಸರು ನವೀದ್, ಹುಡುಗಿಯ ಹೆಸರು ಹರಿತಾ. ಅವರಿಗೆ ಅಷ್ಟು ಸಾಕಾಗಿತ್ತು.

"ಸಾರ್, ಅವರಿಬ್ಬರೂ ಮುಖಾಮುಖಿ ಸಿಕ್ಕಿರೋದೇ ಎರಡು ಸಲ. ಅದೂ ಡಬ್ಬಿ ಹುಡುಕೋರ ಗ್ರೂಪಿನ ಹತ್ತು ಜನರ ಮಧ್ಯೆ," ಎಂದೆ.

"ಡಬ್ಬಿ ಇವಂದು. ಜಾಗ ಗೊತ್ತಿರೋದು ಇವನಿಗೆ. ಇನ್ನೇನು ಬೇಕಮ್ಮ ನಿಮಗೆ?"

"ಜಾಗ ಆ್ಯಪ್‌ನಲ್ಲಿದೆ ಸಾರ್. ಪ್ರಪಂಚಕ್ಕೇ ಗೊತ್ತು."

"ನಾಳೆ ಹತ್ತಕ್ಕೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ತೀನಿ. ಅಷ್ಟರೊಳಗೆ ಬೇರೆ ಯಾರನ್ನಾದ್ರೂ ತರ್ತೀರಾ? ತನ್ನಿ."

ಸಿಟ್ಟು ನೆತ್ತಿಗೇರಿತು. ಠಾಣೆಯ ಗೇಟಿನಲ್ಲಿ ನವೀದನ ಅಪ್ಪ ನೂರುಲ್ಲಾ ಊಟದ ಕ್ಯಾರಿಯರ್ ಹಿಡಿದು ನಿಂತಿದ್ದರು. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಘಟಕ ನಡೆಸುವ ಮನುಷ್ಯ. ಬಿಸಿನೀರಿನಲ್ಲಿ ಬೆಂದ ಕೈಗಳು. ಬೆಳಿಗ್ಗೆಯಿಂದ ಯಾರೂ ಅವರನ್ನು ಒಳಗೆ ಬಿಟ್ಟಿರಲಿಲ್ಲ. ನಾನು ಬಿಟ್ಟೆ.

ನವೀದ್ ಅನ್ನ ಮುಟ್ಟಲಿಲ್ಲ. ಕೆನ್ನೆ ಊದಿತ್ತು.

"ಹರಿತಾ ಹೇಗಿದ್ದಾರೆ ಮೇಡಂ?"

"ಆಪರೇಷನ್ ನಡೀತಿದೆ. ನೀನು ಹೇಳು. ಕೆಲಸ ಬಿಟ್ಟು ಗುಡ್ಡಗಳಲ್ಲಿ ಡಬ್ಬಿ ಇಟ್ಕೊಂಡು ತಿರುಗ್ತೀಯಲ್ಲ, ಏನಪ್ಪ ಮಜಾ ಅದರಲ್ಲಿ?"

ಅವನು ನಿಧಾನವಾಗಿ ಹೇಳಿದ. "ಫೋನು ಬಂಡೆವರೆಗೂ ಕರ್ಕೊಂಡು ಬರತ್ತೆ ಮೇಡಂ. ಆಮೇಲೆ ಅದಕ್ಕೂ ಗೊತ್ತಿಲ್ಲ. ಹತ್ತು ಹೆಜ್ಜೆ ಒಳಗೆ ಎಲ್ಲೋ ಇದೆ, ಅಷ್ಟೆ. ಅಲ್ಲಿಂದ ನಮ್ಮ ಕಣ್ಣು, ನಮ್ಮ ಕೈ. ದಿನಾ ಓಡಾಡೋ ದಾರೀಲಿ ಇಂಥ ಜಾಗ ಇತ್ತಾ ಅನ್ಸತ್ತೆ. ಡಬ್ಬಿ ತೆಗೆದ್ರೆ ನಮಗಿಂತ ಮುಂಚೆ ಬಂದೋರ ಹೆಸರು. ಯಾರೋ ಏನೋ, ನಮಗೆ ಗೊತ್ತೇ ಇಲ್ಲ. ಅವರು ನಮಗೋಸ್ಕರ ಏನೋ ಬಿಟ್ಟಿರ್ತಾರೆ. ನಾವು ಮುಂದೆ ಬರೋರಿಗೆ ಬಿಡ್ತೀವಿ. ಗೊತ್ತಿಲ್ಲದೋರನ್ನ ನಂಬಿ ಕತ್ತಲೆ ಸಂದಿಗೆ ಕೈ ಹಾಕ್ತೀವಲ್ಲ ಮೇಡಂ, ಅದೇ ಮಜಾ."

ಅದೇ ನಂಬಿಕೆಯ ದಾರಿಯಲ್ಲಿ ಯಾವನೋ ಬೋನು ಇಟ್ಟಿದ್ದ.

"ಇವತ್ತು ಯಾಕೆ ಬಂದೆ?"

"ಡಬ್ಬೀಲಿರೋ ಪುಸ್ತಕ ನೋಡಕ್ಕೆ. ಡಬ್ಬಿ ಸಿಕ್ಕಿದೋರು ಅದರಲ್ಲಿ ಹೆಸರು ಬರೀಬೇಕು. ಕೆಲವರು ಜಾಗಕ್ಕೆ ಹೋಗೋದೇ ಇಲ್ಲ. ಮನೇಲಿ ಕೂತು 'ಸಿಕ್ತು' ಅಂತ ಆ್ಯಪ್‌ನಲ್ಲಿ ಹಾಕೊಳ್ತಾರೆ. ಪುಸ್ತಕದಲ್ಲಿ ಹೆಸರಿಲ್ಲ ಅಂದ್ರೆ ಅದನ್ನ ಅಳಿಸೋ ಅಧಿಕಾರ ಡಬ್ಬಿ ಇಟ್ಟೋರಿಗಿರತ್ತೆ. ನಂದು ಜಿಲ್ಲೇಲಿ ಒಂಬತ್ತು ಡಬ್ಬಿ ಇದಾವೆ. ಭಾನುವಾರ ಹತ್ತಕ್ಕೆ ನರಿಗುಡ್ಡದಿಂದ ಶುರು ಮಾಡ್ತೀನಿ ಅಂತ ಬುಧವಾರ ಗ್ರೂಪ್‌ನಲ್ಲಿ ಹಾಕಿದ್ದೆ."

"ಅಂದ್ರೆ ಹತ್ತು ಗಂಟೆಗೆ ಆ ಸಂದಿಗೆ ಕೈ ಹಾಕಬೇಕಾಗಿದ್ದೋನು ನೀನು."

ಅವನು ತನ್ನ ಬಲಗೈ ನೋಡಿಕೊಂಡ.

* * *

ಹರಿತಾಳ ಕೈ ಬಿಡಿಸಿದವನು ಗುಡ್ಡದ ಬುಡದ ಹೊಲದ ಕೋನಪ್ಪ. ಎರಡೂ ಕಡೆಯ ಸ್ಪ್ರಿಂಗ್ ಮೆಟ್ಟಿ ಒಂದೇ ಸಲಕ್ಕೆ ಬಿಚ್ಚಿದನಂತೆ. ಬೋನಿನ ಪರಿಚಯ ಇಲ್ಲದವನಿಗೆ ಅದು ಬರುವುದಿಲ್ಲ. ಅವನ ಟೊಮೆಟೊ ತೋಟಕ್ಕೆ ಹೋದೆ.

"ಬೋನು ಯಾರ್ದು ಕೋನಪ್ಪ?"

"ನಂಗೊತ್ತಿಲ್ಲಮ್ಮ."

"ಕೋನಪ್ಪ, ನನಗೆ ತಾಳ್ಮೆ ಇಲ್ಲ."

ಅವನು ಬದುವಿನ ಮೇಲೆ ಕುಸಿದ. "ನಂದೇ ತಲ್ಲೀ, ನಂದೇ ಕಣಮ್ಮ. ಹಂದಿ ಕಾಟಕ್ಕೆ ಬೇಲಿ ಹತ್ರ ಇಟ್ಟಿದ್ದೆ. ಗುರುವಾರ ಸಂಜೆ ಇತ್ತು. ಶುಕ್ರವಾರ ಏಳು ಗಂಟೆಗೆ ಬಂದು ನೋಡಿದ್ರೆ ಇಲ್ಲ. ಫಾರೆಸ್ಟ್‌ನೋರಿಗೆ ಹೆದರ್ಕೊಂಡು ಬಾಯಿ ಬಿಡಲಿಲ್ಲ. ಆ ಪಾಪ ಕೈ ನೋಡಿದ್ಮೇಲೆ ಮೂರು ಹೊತ್ತಿಂದ ಅನ್ನ ಸೇರ್ತಿಲ್ಲ, ದೇವ್ರಾಣೆ."

ಬೆಳಿಗ್ಗೆ ಆದ ಘಟನೆಗೆ ಮೂರು ಹೊತ್ತು ಎಲ್ಲಿಂದ ಬಂತು ಎಂದು ಬೈದೆ. ಆದರೆ ಅವನ ಅಳು ನಿಜವಾಗಿತ್ತು. ಕಾನೂನಿಗೆ ವಿರುದ್ಧವಾದ ಬೋನು ಇಟ್ಟ ತಪ್ಪಿಗೆ ಅವನ ಮೇಲೂ ಬರೆದುಕೊಂಡೆ. ಬಿಡಲಿಲ್ಲ. ಆದರೆ ಡಬ್ಬಿಯ ಸುದ್ದಿಯೇ ಗೊತ್ತಿಲ್ಲದವನು ಅದರ ಮುಂದೆ ಬೋನು ಇಟ್ಟು ತರಗೆಲೆ ಮುಚ್ಚುವುದಿಲ್ಲ.

* * *

ನಾಲ್ಕು ಗಂಟೆಗೆ ಠಾಣೆಗೆ ಸಹಾಯ ಮಾಡಲು ಒಬ್ಬರು ಬಂದಿದ್ದರು. ಮೋಹನ್‌ಬಾಬು. ಚಿಂತಾಮಣಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ. ಡಬ್ಬಿ ಹುಡುಕುವವರ ಗ್ರೂಪಿಗೆ ಅವರೇ ಹಿರಿಯರು. ಕೈಯಲ್ಲಿ ಹೆಜ್ಜೆ ಎಣಿಸುವ ವಾಚು. ಸಾಹೇಬರ ಎದುರು ಕಾಫಿ ಕುಡಿಯುತ್ತಿದ್ದರು.

"ಸಾವಿರ ಡಬ್ಬಿ ಮುಗಿಸಿದೀನಿ ಮೇಡಂ. ಸಾವಿರದ್ದು ಈ ನರಿಗುಡ್ಡದ್ದೇ. ಮುಂದಿನ ಭಾನುವಾರ ಸನ್ಮಾನ ಇಟ್ಕೊಂಡಿದ್ರು. ಈಗ ನೋಡಿ, ಹಿಂಗಾಯ್ತು. ನವೀದ್ ಕೆಟ್ಟ ಹುಡುಗ ಅಲ್ಲ, ಸ್ವಲ್ಪ ಮೊಂಡ."

"ನೀವು ಯಾವತ್ತು ಹೋಗಿದ್ರಿ?"

"ಇವತ್ತಿಗೆ ಇಪ್ಪತ್ತೆರಡು ದಿನ. ಪುಸ್ತಕದಲ್ಲಿದೆಯಲ್ಲ."

ಇತ್ತು. ಕೊನೆಯ ಹೆಸರು ಅವರದೇ. ತಾರೀಕು, ಸಹಿ, ಕೆಳಗೆ ದುಂಡಗಿನ ಅಕ್ಷರದಲ್ಲಿ 'ಒಂದು ರೇಷ್ಮೆಗೂಡು ಬಿಟ್ಟಿದ್ದೇನೆ'. ಆ್ಯಪ್‌ನಲ್ಲೂ ಅದೇ ದಿನ ಅದೇ ಮಾತು.

ನಾನು ಕವರ್ ಮೇಜಿನ ಮೇಲಿಟ್ಟೆ. "ಇದೇನಾ ಆ ಗೂಡು?"

"ಅದೇ."

"ಸರಿಯಾಗಿ ನೋಡಿ ಹೇಳಿ."

"ಅದೇ ಮೇಡಂ. ನಾನೇ ಬಿಟ್ಟಿದ್ದು. ಬೇರೆ ಇನ್ಯಾವುದಿದೆ?"

ಹೇಳಿಕೆಯಲ್ಲಿ ಬರೆಸಿದೆ. ಸಹಿ ಹಾಕಿಸಿದೆ. ಥ್ಯಾಂಕ್ಸ್ ಹೇಳಿ ಕಳಿಸಿದೆ. ಕೋಪವನ್ನು ಅದುಮಿಟ್ಟುಕೊಂಡೆ.

ಸೂರ್ಯ ಇಳಿಯುವ ಮುಂಚೆ ಶಿಡ್ಲಘಟ್ಟ ರಸ್ತೆಗೆ ಜೀಪು ಬಿಟ್ಟೆ. ನವೀದ್ ತನ್ನ ಇನ್ನೊಂದು ಡಬ್ಬಿ ಇಟ್ಟಿದ್ದೇನೆ ಎಂದ ಹಾಳು ಪಂಪ್‌ಹೌಸಿನ ಸುತ್ತ ಕಾಲು ಗಂಟೆ ತಡಕಾಡಿದೆ. ಹಿಪ್ಪುನೇರಳೆ ತೋಟದ ಕಡೆಯ ಗೋಡೆಯಲ್ಲಿ ಒಂದು ಇಟ್ಟಿಗೆ ಸಡಿಲವಾಗಿತ್ತು. ಮೊದಲು ಲಾಠಿ ತೂರಿಸಿ ನೋಡಿದೆ. ಆಮೇಲೆ ಕೈ. ಡಬ್ಬಿ ಸಿಕ್ಕಿತು! ಐವತ್ತೇಳು ವರ್ಷದ ಹೆಂಗಸು, ಖಾಕಿ ಬಟ್ಟೆಯಲ್ಲಿ, ಚಿಕ್ಕ ಹುಡುಗಿಯ ಹಾಗೆ ನಕ್ಕುಬಿಟ್ಟೆ. ಮುಚ್ಚಳ ತೆಗೆದು ಪುಸ್ತಕ ಬಿಡಿಸಿದ ಮೇಲೆ ನಗು ನಿಂತಿತು. ಆ್ಯಪ್‌ನಲ್ಲಿ ಮೋಹನ್‌ಬಾಬು ಈ ಡಬ್ಬಿಯನ್ನು ಮಾರ್ಚ್‌ನಲ್ಲೇ ಹುಡುಕಿದ್ದರು. ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಮೇಲಿನ ಕೆರೆಕಟ್ಟೆಯಲ್ಲಿ ನವೀದ್ ಇಟ್ಟಿದ್ದ ಡಬ್ಬಿಯಲ್ಲೂ ಇರಲಿಲ್ಲ.

* * *

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೋಹನ್‌ಬಾಬು ಅವರನ್ನು ಮತ್ತೆ ಕರೆಸಿದೆ. ಸಾಹೇಬರ ಕೋಣೆಯಲ್ಲಿ ನವೀದನನ್ನೂ ನಿಲ್ಲಿಸಿದೆ.

"ಸಾರ್, ಈ ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ."

ಸಾಹೇಬರು ಮುಖ ಗಂಟಿಕ್ಕಿ ಅಲ್ಲಾಡಿಸಿದರು. "ಏನೋ ಇದೆ ಒಳಗೆ."

"ಜೀವಂತ ಹುಳು ಇದೆ. ಮಾರ್ಕೆಟ್ಟಿಗೆ ಬಂದ ಗೂಡು ಹಾಗೇ ಬಿಟ್ಟರೆ ಎಂಟು ದಿನ, ಹೆಚ್ಚೆಂದರೆ ಹತ್ತು ದಿನ. ಹುಳು ಚಿಟ್ಟೆಯಾಗಿ ಗೂಡು ತೂತು ಮಾಡ್ಕೊಂಡು ಹೊರಗೆ ಬರತ್ತೆ. ಒಣಗಿಸಿದ ಗೂಡಾದ್ರೆ ಒಳಗೆ ಒಣಕಲು, ಗಲಗಲ ಅನ್ನತ್ತೆ. ಇದು ತೂತಾಗಿಲ್ಲ, ಒಣಗಿಲ್ಲ. ಇಪ್ಪತ್ತೆರಡು ದಿನದ ಹಿಂದೆ ಇಟ್ಟ ಗೂಡು ಹಿಂಗಿರಲ್ಲ ಸಾರ್. ಬೇಕಾದ್ರೆ ರೇಷ್ಮೆ ಇಲಾಖೆಯವರನ್ನ ಕೇಳಿ. ಇದು ಡಬ್ಬಿಗೆ ಹೋಗಿ ಮೂರ್ನಾಲ್ಕು ದಿನ ಆಗಿದೆ, ಅಷ್ಟೆ."

ಮೋಹನ್‌ಬಾಬು ನಕ್ಕರು. "ಇವನ ಮನೇಲೇ ಗೂಡು ಮೂಟೆಗಟ್ಟಲೆ ಇರತ್ತಲ್ಲ. ಬದಲಾಯಿಸಿರ್ತಾನೆ."

"ನೀವೇ ಬಿಟ್ಟ ಗೂಡು ಇದೇ ಅಂತ ನಿನ್ನೆ ಎರಡು ಸಲ ಹೇಳಿ ಸಹಿ ಹಾಕಿದೀರಿ. ಫೋನು ಕೊಡಿ."

"ಯಾಕೆ?"

"ಕೊಡ್ರೀ!"

ಠಾಣೆಯೇ ನಡುಗುವ ಹಾಗೆ ಕೂಗಿದೆನಂತೆ. ಅವರು ಕೊಟ್ಟರು. ವಾಚಿನ ಜೊತೆ ಸೇರಿಕೊಂಡಿದ್ದ ಆ ಫೋನು ಅವರು ಇಟ್ಟ ಪ್ರತಿ ಹೆಜ್ಜೆಯನ್ನೂ ನಕ್ಷೆಯ ಮೇಲೆ ಬರೆದಿಟ್ಟಿತ್ತು. ನಡೆದದ್ದನ್ನೆಲ್ಲ ದಾಖಲಿಸುವ ಚಟ ಅವರಿಗೆ. ಗುರುವಾರ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ. ಶುಕ್ರವಾರ ಬೆಳಿಗ್ಗೆ ಐದೂ ಐವತ್ತಕ್ಕೆ ಕೋನಪ್ಪನ ಬೇಲಿ. ಅಲ್ಲಿಂದ ನೇರ ನರಿಗುಡ್ಡ. ಇಪ್ಪತ್ತೆರಡು ದಿನದ ಹಿಂದೆ ಮನೆಯಿಂದ ಕೇಂದ್ರ, ಕೇಂದ್ರದಿಂದ ಮನೆ.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದಿ," ಎಂದೆ. "ಸಾವಿರದ ಡಬ್ಬಿ ಮನೇಲಿ ಕೂತೇ ಹುಡುಕಿದ್ರಿ. ನಿಜ ಅನ್ನಿಸಲಿ ಅಂತ ರೇಷ್ಮೆಗೂಡು ಬಿಟ್ಟೆ ಅಂತ ಕಥೆ ಕಟ್ಟಿದ್ರಿ. ಬುಧವಾರ ಈ ಹುಡುಗ ಪುಸ್ತಕ ನೋಡ್ತೀನಿ ಅಂದ. ಗುರುವಾರ ಶಿಡ್ಲಘಟ್ಟದಲ್ಲಿ ಒಂದು ಗೂಡು ತಗೊಂಡ್ರಿ. ಶುಕ್ರವಾರ ಹೋಗಿ ಹಳೇ ತಾರೀಕು ಹಾಕಿ ಸಹಿ ಮಾಡಿದ್ರಿ. ಆದ್ರೆ ಇವನದು ಇನ್ನೂ ಎಂಟು ಡಬ್ಬಿ. ಎಲ್ಲಾ ಕಡೆ ಓಡಾಡಿ ಸಹಿ ಹಾಕಕ್ಕೆ ಟೈಮ್ ಇರ್ಲಿಲ್ಲ. ದಾರೀಲಿ ಬೋನು ಕಂಡಿತ್ತು. ಮೊದಲನೇ ಡಬ್ಬೀಲೇ ಇವನ ಕೈ ಮುರಿದ್ರೆ ಮಿಕ್ಕ ಎಂಟನ್ನ ನೋಡೋರು ಯಾರು?"

ಮೋಹನ್‌ಬಾಬು ನೆಲ ನೋಡುತ್ತ ಹೇಳಿದರು. "ಸ್ವಲ್ಪ ಗಾಯ ಆಗತ್ತೆ ಅಂದ್ಕೊಂಡೆ. ಒಂದು ವಾರ ಮನೇಲಿರ್ತಾನೆ ಅಂತ. ಆ ಹುಡುಗಿ ಬರ್ತಾಳೆ ಅಂತ ನನಗೇನು ಗೊತ್ತು? ಸನ್ಮಾನದ ಬ್ಯಾನರ್ ಎಲ್ಲಾ ಪ್ರಿಂಟ್ ಆಗಿತ್ತು ಮೇಡಂ..."

ಬ್ಯಾನರ್! ನಾನು ಎದ್ದು ಹೊರಗೆ ಹೋದೆ. ಇನ್ನೊಂದು ನಿಮಿಷ ಅಲ್ಲಿದ್ದಿದ್ದರೆ ನನ್ನ ಮೇಲೇ ಕೇಸಾಗುತ್ತಿತ್ತು.

ನವೀದನನ್ನು ಬಿಟ್ಟರು. ಸಾಹೇಬರು "ಹೋಗಪ್ಪ" ಎಂದರು, ಅಷ್ಟೆ. ಕಪಾಳಕ್ಕೆ ಕೊಟ್ಟದ್ದರ ಮಾತು ಎತ್ತಲಿಲ್ಲ. ಆ ಬಗ್ಗೆ ನಾನು ಎಸ್‌ಪಿ ಆಫೀಸಿಗೆ ಎರಡು ಪುಟ ಬರೆದು ಕಳಿಸಿದ್ದೇನೆ. ನನಗೆ ಕೋಪ ಜಾಸ್ತಿ ಎಂದು ಇನ್ನೊಮ್ಮೆ ಬರೆದುಕೊಳ್ಳಲಿ.

ಅದೇ ವಾರದ ಶುಕ್ರವಾರ, ಸಾಕ್ಷ್ಯದ ಬಾಟಲಿಯೊಳಗೆ, ಚಿಟ್ಟೆ ಗೂಡು ತೂತು ಮಾಡಿಕೊಂಡು ಹೊರಬಂತು. ಸಾಕ್ಷಿಗೆ ಪಂಚರನ್ನು ಕರೆಸಿ ಫೋಟೊ ತೆಗೆಸಿದೆ.

* * *

ಹರಿತಾಳ ಎರಡು ಬೆರಳು ಉಳಿಯಲಿಲ್ಲ. ಮೂರನೆಯದು ಮಡಚುವುದಿಲ್ಲ. ಗಾರ್ಮೆಂಟ್ಸ್‌ನವರು ಯಂತ್ರದಿಂದ ತೆಗೆದು ಪ್ಯಾಕಿಂಗಿಗೆ ಹಾಕಿದ್ದಾರೆ, ಕಡಿಮೆ ಸಂಬಳಕ್ಕೆ.

ನವೀದ್ ಉಳಿದ ಎಂಟು ಡಬ್ಬಿಗಳಲ್ಲಿ ಏಳನ್ನು ಕಿತ್ತು ತಂದ. ಪಂಪ್‌ಹೌಸಿನದನ್ನು ಮಾತ್ರ ಹರಿತಾ ಕೀಳಲು ಬಿಡಲಿಲ್ಲ. "ಅದೊಂದು ಇರ್ಲಿ ಕಣೋ. ನಾನಿನ್ನೂ ಹುಡುಕಿಲ್ಲ," ಎಂದಳಂತೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಅವಳು ಪಂಪ್‌ಹೌಸಿಗೆ ಬಂದಳು. ನನ್ನನ್ನೂ ಕರೆದಿದ್ದಳು. ಗೋಡೆಯ ಸುತ್ತ ಓಡಾಡಿದಳು, ಬಾಗಿದಳು, ಇಟ್ಟಿಗೆ ಕಂಡಳು. ಒಂದು ಕ್ಷಣ ನಿಂತಳು. ನವೀದ್ ಉಸಿರು ಬಿಗಿಹಿಡಿದಿದ್ದ. ಅವಳು ಎಡಗೈ ಒಳಗೆ ಹಾಕಿದಳು.

"ಸಿಕ್ತು ಅಮ್ಮ!" ಎಂದು ನನ್ನತ್ತ ತಿರುಗಿ ಕೂಗಿದಳು.

ಎಡಗೈಯಲ್ಲೇ ಪುಸ್ತಕದಲ್ಲಿ ಸೊಟ್ಟಸೊಟ್ಟಗೆ ಹೆಸರು ಬರೆದಳು. ಒಂದು ಹಸಿರು ದಾರದ ಉಂಡೆ ಬಿಟ್ಟಳು. ಮುಖ ಅರಳಿತ್ತು. ನಾನೂ ಚಪ್ಪಾಳೆ ತಟ್ಟಿದೆ.

ಅವಳು ಬರುವ ಒಂದು ಗಂಟೆ ಮುಂಚೆಯೇ ನಾನು ಅಲ್ಲಿಗೆ ಹೋಗಿದ್ದೆ. ಆ ಸಂದಿಗೆ ಮೂರು ಸಲ ಲಾಠಿ ತೂರಿಸಿ ನೋಡಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ, ಹೇಳುವುದೂ ಇಲ್ಲ. ಮೋಹನ್‌ಬಾಬು ಜೈಲಿನಿಂದ ಯಾವತ್ತಾದರೂ ಹೊರಗೆ ಬರುತ್ತಾನೆ. ನನ್ನ ಲಾಠಿ ಮಾತ್ರ ಇನ್ನು ಪ್ರತಿ ಸಂದಿಗೂ ನನಗಿಂತ ಮೊದಲು ಹೋಗುತ್ತದೆ. ಅದಕ್ಕೇ ನನಗೆ ಇವತ್ತಿಗೂ ಸಿಟ್ಟು.