ಮುನ್ನೂರ ಎಪ್ಪತ್ತೆಂಟು ಮೀಟರ್ ಆಚೆ

ಭಾನುವಾರ ಸಂಜೆ ಆರು ಗಂಟೆಯೊಳಗೆ ಪೆಟ್ಟಿಗೆ ಸಿಗಬೇಕಿತ್ತು. ಸಿಗದಿದ್ದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಿ, ಪಕ್ಕದಲ್ಲಿ ‘ಸ್ಥಳ ತಪ್ಪು’ ಎಂದು ಬರೆಯುತ್ತಾರೆ. ನಲವತ್ತು ವರ್ಷ ಭೂಮಾಪಕರಾಗಿದ್ದ ದೊಡ್ಡಪ್ಪನಿಗೆ ಆ ಎರಡು ಪದಗಳ ಮುಂದೆ ಸೊಂಟದ ನೋವು ಯಾವ ಲೆಕ್ಕಕ್ಕೂ ಇರಲಿಲ್ಲ.

“ನಾನೇ ಹೋಗ್ತೀನಿ,” ಎನ್ನುತ್ತ ವಾಕರ್ ಹಿಡಿದು ಎದ್ದರು. ಶಸ್ತ್ರಚಿಕಿತ್ಸೆಯಾಗಿ ಇನ್ನೂ ಮೂರೇ ವಾರವಾಗಿತ್ತು.

“ಹೋಗಿ ದೊಡ್ಡಪ್ಪ. ಅಡುಗೆಮನೆ ತನಕ ಹೋಗಿ ಬನ್ನಿ,” ಎಂದಳು ಅವರ ತಮ್ಮನ ಮಗಳು. “ಬೆಟ್ಟಕ್ಕೆ ನಾನು ಹೋಗ್ತೀನಿ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಅವಳ ಕೆಲಸ. ಮನೆಗೆ ಬೀಗ ಹಾಕಿ, ಗೇಟಿನವರೆಗೆ ಹೋಗಿ, ವಾಪಸು ಬಂದು ಬೀಗ ಎಳೆದು ನೋಡುವ ಸ್ವಭಾವ. ಮನೆಯಲ್ಲಿ ಎಲ್ಲರೂ ಅವಳನ್ನು ಎಚ್ಚರಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರಿಟ್ಟವನು ಅವಳ ಅಕ್ಕನ ಗಂಡ. ಬೆಳಗಿನ ಜಾವ ಮೂರಕ್ಕೆ ಎದ್ದು ಬೇಕರಿಯ ಒಲೆ ಹಚ್ಚುವವನು, ಹತ್ತಕ್ಕೆ ಎಲ್ಲಿ ಕೂತರೂ ತೂಕಡಿಸುವವನು.

“ಎಚ್ಚರಮ್ಮನ ಜೊತೆ ನಾನೂ ಬರ್ತೀನಿ,” ಎಂದ ಭಾವ, ಸೋಫಾದಿಂದ ಕಣ್ಣು ತೆರೆಯದೆಯೇ. “ಇಲ್ದಿದ್ರೆ ಒಂದೊಂದು ಮರಕ್ಕೂ ವಿಳಾಸ ಕೇಳ್ಕೊಂಡು ಹೋಗ್ತಾಳೆ.”

ಮೂರನೆಯ ಸದಸ್ಯ ಆಗಲೇ ಬಾಗಿಲ ಬಳಿ ನಿಂತಿತ್ತು. ದೊಡ್ಡಪ್ಪನ ನಾಯಿ, ಬೂದಿ. ಮೈಬಣ್ಣವೇ ಹೆಸರು. ಒಂದು ಕಿವಿ ನೆಟ್ಟಗೆ, ಇನ್ನೊಂದು ಯಾವಾಗಲೂ ರಜೆಯ ಮೇಲೆ.

ಜಿಯೊಕ್ಯಾಷಿಂಗ್ ಎಂಬ ಈ ಆಟವನ್ನು ದೊಡ್ಡಪ್ಪ ಹಿಡಿದದ್ದು ನಿವೃತ್ತಿಯ ಮೇಲೆ. ಒಬ್ಬರು ಕಾಡಿನಲ್ಲೋ ಬೆಟ್ಟದಲ್ಲೋ ಪುಟ್ಟ ಪೆಟ್ಟಿಗೆ ಬಚ್ಚಿಟ್ಟು, ಅದಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಜಾಲತಾಣದ ಪಟ್ಟಿಗೆ ಸೇರಿಸುತ್ತಾರೆ. ಮತ್ತೊಬ್ಬರು ಆ ಅಂಕಿಗಳನ್ನು ಫೋನಿಗೆ ಕೊಟ್ಟು, ಅದು ತೋರಿಸಿದ ದಿಕ್ಕಿಗೆ ನಡೆದು, ಪೆಟ್ಟಿಗೆ ಹುಡುಕಿ, ಒಳಗಿನ ಪುಸ್ತಕದಲ್ಲಿ ಸಹಿ ಹಾಕಿ ಅಲ್ಲೇ ಇಟ್ಟು ಬರುತ್ತಾರೆ. ದೊಡ್ಡಪ್ಪ ತಮ್ಮ ಪೆಟ್ಟಿಗೆ ಇಟ್ಟು ಮೂರು ವರ್ಷವಾಗಿತ್ತು. ಹನ್ನೊಂದು ಮಂದಿ ಹೋಗಿ ಹುಡುಕಿ, ‘ಸಿಗಲಿಲ್ಲ’ ಎಂದು ಬರೆದಿದ್ದರು. ಹನ್ನೊಂದು ಸಲವೂ ದೊಡ್ಡಪ್ಪ ಬೂದಿಯನ್ನು ಕರೆದುಕೊಂಡು ಬೆಟ್ಟ ಹತ್ತಿ, ಪೆಟ್ಟಿಗೆ ನೋಡಿ ಬಂದು, ‘ಇದೆ. ಸರಿಯಾಗಿ ಹುಡುಕಿ’ ಎಂದು ಉತ್ತರ ಕೊಟ್ಟಿದ್ದರು. ಕೊನೆಗೆ ಪಟ್ಟಿ ನೋಡಿಕೊಳ್ಳುವವರಿಗೆ ಸಾಕಾಯಿತು. ಇಟ್ಟವರಲ್ಲದೆ ಇನ್ನೊಬ್ಬರು ಸಹಿ ಹಾಕಿ ಫೋಟೊ ಕಳಿಸಲಿ, ಇಲ್ಲವಾದರೆ ತೆಗೆಯುತ್ತೇವೆ ಎಂದರು.

“ಜಾಗ ಎಲ್ಲಿ ಅಂತ ಸ್ವಲ್ಪ ಹೇಳಬಾರದಾ?” ಎಂದಳು ಎಚ್ಚರಮ್ಮ, ಬೂಟಿನ ಲೇಸಿಗೆ ಎರಡನೆಯ ಗಂಟು ಹಾಕುತ್ತ.

“ಹೇಳಿಕೊಟ್ರೆ ಅದು ಸಾಕ್ಷಿ ಆಗಲ್ಲಮ್ಮ. ಪಟ್ಟಿಯಲ್ಲಿ ಅಂಕಿ ಇದೆ. ನಾನು ಬರೆದ ಅಂಕಿ.” ಅವರ ಮುಖದಲ್ಲಿ ನಗು ಇರಲಿಲ್ಲ. “ನನ್ನ ಅಳತೆ ತಪ್ಪು ಅಂತ ಇವತ್ತಿನ ತನಕ ಒಬ್ಬ ಹೇಳಿಲ್ಲ. ಈಗ ಹನ್ನೊಂದು ಜನ ಹೇಳ್ತಿದಾರೆ.”

ಹನ್ನೆರಡೂವರೆಗೆ ಅವರು ಕಾರನ್ನು ಕಾಡಿನ ಅಂಚಿನಲ್ಲಿ ನಿಲ್ಲಿಸಿ ನಡೆಯತೊಡಗಿದರು.

ಹಿಂದಿನ ದಿನ ಬಿದ್ದ ಹಿಮ ಇನ್ನೂ ಹೊಸದಾಗಿತ್ತು. ಪೈನ್ ಮರಗಳ ಕೊಂಬೆಗಳು ಭಾರಕ್ಕೆ ಬಾಗಿ, ಆಗಾಗ ಒಂದೊಂದು ಸಡಿಲಗೊಂಡು ಹಿಮವನ್ನು ಜಾರಿಸಿ ಮೇಲೆದ್ದುಕೊಳ್ಳುತ್ತಿತ್ತು. ಬಿಸಿಲು ತೆಳ್ಳಗೆ, ನೀರು ಬೆರೆಸಿದ ಹಾಲಿನಂತೆ ಇತ್ತು. ಮೊಲವೊಂದು ದಾಟಿಹೋದ ಗುರುತು ದಾರಿಗೆ ಅಡ್ಡಲಾಗಿ ಹೊಲಿಗೆ ಹಾಕಿದಂತಿತ್ತು. ಬೂದಿ ಅದರ ಮೇಲೆ ಮೂಗು ಉಜ್ಜಿ, ಮೂಗಿನ ತುದಿಯಲ್ಲಿ ಬಿಳಿ ಗುಪ್ಪೆ ಹೊತ್ತುಕೊಂಡು ಮುಂದೆ ಸಾಗಿತು. ಅಷ್ಟು ಹೊತ್ತು ಎಚ್ಚರಮ್ಮ ಆಕಾಶ, ಗಡಿಯಾರ, ಫೋನಿನ ಬ್ಯಾಟರಿ ಮೂರನ್ನೂ ಸರದಿಯಂತೆ ನೋಡುತ್ತಿದ್ದವಳು, ಆ ಮೂಗು ನೋಡಿ ನಕ್ಕುಬಿಟ್ಟಳು. ಇಂಥ ಮಧ್ಯಾಹ್ನ ಸಿಕ್ಕಿ ಎಷ್ಟು ಕಾಲವಾಗಿತ್ತು!

“ಅಬ್ಬ, ನಕ್ಕಳು,” ಎಂದ ಭಾವ. “ದಾಖಲೆ ಮಾಡ್ಕೊಳ್ಳಿ, ಒಂದು ಗಂಟೆ ಐದು ನಿಮಿಷ.”

ಎರಡು ಗಂಟೆಗೆ ಫೋನು ‘ತಲುಪಿದ್ದೀರಿ’ ಎಂದಿತು. ಒಂದು ಸಣ್ಣ ಇಳಿಜಾರು, ಕೆಳಗೆ ಹೆಪ್ಪುಗಟ್ಟಿದ ತೊರೆ, ಸುತ್ತಲೂ ಬಂಡೆಗಳು. ಪಟ್ಟಿಯಲ್ಲಿದ್ದ ಸುಳಿವು ಒಂದೇ ಸಾಲು: ‘ಸೀಳು ಬಂಡೆಯ ಕೆಳಗೆ.’

ಅಲ್ಲಿ ಸೀಳಿದ ಬಂಡೆಗಳೇ ಒಂಬತ್ತಿದ್ದವು.

ಒಂದೊಂದರ ಬುಡದಲ್ಲೂ ಹಿಮ ಬಗೆದರು. ಭಾವ ಕೋಲು ಹಾಕಿ ಕೆದಕಿದ. ಎಚ್ಚರಮ್ಮ ಮಂಡಿಯೂರಿ ಸೀಳುಗಳಿಗೆ ಟಾರ್ಚು ಬಿಟ್ಟಳು. ಒಣ ಎಲೆ, ಒಂದು ಹಳೆಯ ಬಾಟಲಿ ಮುಚ್ಚಳ, ಯಾರೋ ಬೀಳಿಸಿಹೋದ ಒಂಟಿ ಕೈಗವಸು. ಇಲ್ಲೇ ಇನ್ನೂ ಹನ್ನೊಂದು ಮಂದಿ ಹೀಗೇ ಮಂಡಿಯೂರಿದ್ದರು ಎಂದು ಅವಳಿಗೆ ಅನ್ನಿಸಿತು. ಮುಕ್ಕಾಲು ಗಂಟೆ ಕಳೆಯಿತು.

“ಮಾವನವರ ಪೆಟ್ಟಿಗೆ ಭೂಮಿ ಒಳಗೆ ಹೋಗಿದೆ,” ಎಂದ ಭಾವ, ಬೆನ್ನು ನೇರ ಮಾಡುತ್ತ.

“ಹನ್ನೊಂದು ಸಲ ನೋಡಿ ಬಂದಿದಾರೆ ಭಾವ. ಪೆಟ್ಟಿಗೆ ಇದೆ. ಇಲ್ಲಿಲ್ಲ, ಅಷ್ಟೆ.”

ಹಾಗೆಂದವಳೇ ತಾನಾಡಿದ ಮಾತಿಗೆ ತಾನೇ ಬೆಚ್ಚಿದಳು. ಅವರು ಪ್ರತಿಸಲ ನೋಡಿ ಬಂದದ್ದು ನೆನಪಿನಿಂದ. ಫೋನು ಹಿಡಿದು ಹೋದವರೇ ಅಲ್ಲ! ಹಾಗಾದರೆ ಜಾಗ ಅವರಿಗೆ ಗೊತ್ತು. ತಪ್ಪಿದ್ದರೆ ಅದು ಅಂಕಿಯಲ್ಲಿ.

ಅವಳು ಬೂದಿಯ ಹಗ್ಗವನ್ನು ಮಣಿಕಟ್ಟಿಗೆ ಸಿಕ್ಕಿಸಿ, ಗವಸು ಕಳಚಿ, ದೊಡ್ಡಪ್ಪನಿಗೆ ಫೋನು ಮಾಡಿದಳು.

“ಸಿಕ್ತಾ?”

“ದೊಡ್ಡಪ್ಪ, ಪೆಟ್ಟಿಗೆ ಇಟ್ಟ ದಿನ ಅಳತೆ ಬರೆದ ಪುಸ್ತಕ ಇದೆಯಲ್ಲ, ಅದರಿಂದ ಅಂಕಿ ಓದಿ. ಪಟ್ಟಿ ನೋಡಬೇಡಿ.”

ಹಾಳೆ ತಿರುವುವ ಸದ್ದು. “ಉತ್ತರಕ್ಕೆ, ಡಿಗ್ರಿ ಬಿಡು... ಇಪ್ಪತ್ನಾಲ್ಕು ನಿಮಿಷ, ಮೂವತ್ತು ಬಿಂದು ಆರು ಸೆಕೆಂಡು. ಪೂರ್ವಕ್ಕೆ ಸೆಕೆಂಡು ಸೊನ್ನೆ.”

“ಸೆಕೆಂಡಾ?”

“ಮತ್ತೇನು, ಗಂಟೇನಾ? ನಿಮಿಷ ಆದ್ಮೇಲೆ ಸೆಕೆಂಡು. ಎಲ್ಲಿ ಕಲಿತಿದೀಯಾ ನೀನು?”

ಅವಳ ಫೋನಿನಲ್ಲಿದ್ದದ್ದು ಇಪ್ಪತ್ನಾಲ್ಕು ಬಿಂದು ಮೂರು ಸೊನ್ನೆ ಆರು. ಜಾಲತಾಣ ಸೆಕೆಂಡು ಕೇಳುವುದಿಲ್ಲ. ನಿಮಿಷವನ್ನು ಸಾವಿರ ಭಾಗ ಮಾಡಿ ಕೇಳುತ್ತದೆ. ದೊಡ್ಡಪ್ಪ ಜೀವಮಾನದ ರೂಢಿಯಂತೆ ಸೆಕೆಂಡುಗಳನ್ನೇ, ಮೂವತ್ತು ಬಿಂದು ಆರನ್ನು ಮೂರು ಸೊನ್ನೆ ಆರು ಎಂದು, ತುಂಬಿದ್ದರು. ಅರ್ಧ ನಿಮಿಷಕ್ಕಿಂತ ಹೆಚ್ಚಿರಬೇಕಾದದ್ದು ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಿತ್ತು. ಆಸ್ಪತ್ರೆಯಲ್ಲಿ ಮಿಲಿಗ್ರಾಮಿನ ಜಾಗದಲ್ಲಿ ಗ್ರಾಂ ಬರೆದ ಚೀಟಿ ಬಂದರೆ ಅವಳ ಬೆನ್ನಹುರಿಯಲ್ಲಿ ಏಳುವ ಚಳಿ ಈಗಲೂ ಎದ್ದಿತು.

“ದೊಡ್ಡಪ್ಪ, ಪಟ್ಟಿಯಲ್ಲಿ ನೀವು—”

ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಅವಳು ಮುನ್ನೂರ ಆರನ್ನು ಅರವತ್ತರಿಂದ ಭಾಗಿಸಲು ಹೋಗಿ, ಅಲ್ಲ ಎಂದುಕೊಂಡು, ಮೂವತ್ತು ಬಿಂದು ಆರನ್ನು ಭಾಗಿಸಿದಳು. ಬಿಂದು ಐದು ಒಂದು. ಹೊಸ ಅಂಕಿ ಕೊಟ್ಟೊಡನೆ ಫೋನಿನ ಬಾಣ ತೊರೆಯಾಚೆಗೆ ತಿರುಗಿತು. ನೇರ ಉತ್ತರಕ್ಕೆ, ಮುನ್ನೂರ ಎಪ್ಪತ್ತೆಂಟು ಮೀಟರ್.

“ಭಾವ! ಆಚೆ ದಡ!”

ಆ ಒಂದು ಕ್ಷಣದಲ್ಲಿ ಮಣಿಕಟ್ಟಿನ ಹಗ್ಗ ಜಾರಿತು.

ಬೂದಿ ಆಗಲೇ ಇಳಿಜಾರಿನ ಕೆಳಗಿತ್ತು. ದೊಡ್ಡಪ್ಪನ ಜೊತೆ ಪ್ರತಿಸಲ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟುತ್ತಿದ್ದ ಜಾಗವದು. ಈಗ ಕಲ್ಲುಗಳು ಮಂಜುಗಡ್ಡೆಯ ಅಡಿಯಲ್ಲಿದ್ದವು. ನಾಯಿ ನಿರಾಳವಾಗಿ ನಡೆದುಹೋಯಿತು.

“ಬೂದಿ, ನಿಲ್ಲು!”

ಒಡೆದ ಸದ್ದು ಸಣ್ಣದು, ಲೋಟ ಬಿರುಕು ಬಿಟ್ಟಂತೆ.

ನಾಯಿ ಸೊಂಟದವರೆಗೆ ಇಳಿಯಿತು. ಮುಂಗಾಲು ಗಡ್ಡೆಯ ಮೇಲೆ ಪರಚುತ್ತಿತ್ತು. ಹಿಂಗಾಲುಗಳನ್ನು ನೀರಿನ ಸೆಳೆತ ಗಡ್ಡೆಯಡಿಗೆ ಎಳೆಯುತ್ತಿತ್ತು.

ಭಾವ ಓಡಿದ. ಎಚ್ಚರಮ್ಮ ಅವನ ಕೋಟು ಹಿಡಿದು ಹಿಂದಕ್ಕೆಳೆದಳು. “ನೀವು ತೊಂಬತ್ತು ಕೆಜಿ! ನಾನು ಹೋಗ್ತೀನಿ, ಕಾಲು ಹಿಡ್ಕೊಳ್ಳಿ!”

ಅವಳು ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಕೆನ್ನೆಗೆ ಗಡ್ಡೆ ತಾಗಿತು. ಅದರಡಿಯಲ್ಲಿ ನೀರು ಹರಿಯುವುದು ಕೇಳುತ್ತಿತ್ತು. ಹಿಂದೆ, ಎರಡೂ ಪಾದಗಳನ್ನು ಭಾವನ ಕೈಗಳು ಇಕ್ಕುಳದಂತೆ ಹಿಡಿದಿದ್ದವು. ಇಪ್ಪತ್ತು ವರ್ಷ ಹಿಟ್ಟು ನಾದಿದ ಕೈಗಳು.

ಇನ್ನೊಂದು ಮೊಳ. ಹಗ್ಗದ ತುದಿ ಬೆರಳಿಗೆ ತಾಗಿ ಜಾರಿತು. ಗಡ್ಡೆ ಮತ್ತೆ ಕರಕರ ಎಂದಿತು.

“ಬಿಟ್ಟು ಬಾ!” ಎಂದು ಭಾವ ಕೂಗಿದ. ಮೊದಲ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

“ಇಲ್ಲ!”

ಅವಳ ಕೈ ಕೊರಳಪಟ್ಟಿಯನ್ನೇ ಹಿಡಿಯಿತು. “ಎಳೀರಿ!”

ಮೂವರೂ ಒಂದೇ ಉದ್ದನೆಯ ಸಾಮಾನಿನಂತೆ ದಡಕ್ಕೆ ಜಾರಿ ಬಂದರು. ಬೂದಿ ಎದ್ದು ಮೈ ಕೊಡವಿ ಇಬ್ಬರನ್ನೂ ತೋಯಿಸಿತು.

“ಉಪಕಾರ ಸ್ಮರಣೆ ಅಂದ್ರೆ ಇದು,” ಎಂದ ಭಾವ ಮುಖ ಒರೆಸಿಕೊಳ್ಳುತ್ತ.

ಎಚ್ಚರಮ್ಮ ಸ್ವೆಟರ್ ಬಿಚ್ಚಿ ನಾಯಿಯನ್ನು ಉಜ್ಜಿದಳು. ವಸಡಿನ ಬಣ್ಣ ನೋಡಿದಳು, ಕಿವಿ ಮುಟ್ಟಿದಳು. ಭಾವ ಬ್ರೆಡ್ಡು ಸುತ್ತಿ ತಂದಿದ್ದ ದಪ್ಪ ಬಟ್ಟೆಯನ್ನು ಅದರ ಹೊಟ್ಟೆಗೆ ಕಟ್ಟಿದ. ನಾಯಿ ನಡುಗುತ್ತಲೇ ಅರ್ಧ ಬ್ರೆಡ್ಡು ತಿಂದಿತು. ತಿನ್ನುತ್ತಿದೆ ಎಂದರೆ ಪರವಾಗಿಲ್ಲ, ಆದರೂ ಇದಕ್ಕೆ ಬೇಗ ಬಿಸಿ ಸಿಗಬೇಕು.

ಮೂರೂ ಕಾಲು. ಐದಕ್ಕೆ ಸೂರ್ಯ ಮುಳುಗುತ್ತಾನೆ.

ತೊರೆಯ ಗುಂಟ ಒಂದು ಕಿಲೋಮೀಟರು ಕೆಳಗೆ ಮರದ ಸೇತುವೆಯಿತ್ತು. ಅದನ್ನು ದಾಟಿದರೆ ಅರಣ್ಯ ರಸ್ತೆ. ಕಾರಿಗೂ ಅದೇ ಹತ್ತಿರದ ದಾರಿ. ಸೇತುವೆಯ ಮೇಲೆ ನಿಂತು ಎಚ್ಚರಮ್ಮ ಫೋನು ನೋಡಿದಳು. ಪೆಟ್ಟಿಗೆ ಎಡಕ್ಕೆ, ದಿಣ್ಣೆಯ ಮೇಲೆ. ಕಾರು ಬಲಕ್ಕೆ.

“ಭಾವ, ನೀವು ಇದನ್ನ ಕರ್ಕೊಂಡು ಕಾರಿಗೆ ಹೋಗಿ. ಹೀಟರ್ ಹಾಕಿ. ನಾನು ಮೇಲೆ ಹೋಗಿ ಬರ್ತೀನಿ.”

“ಒಬ್ಬಳೇನಾ?”

“ನಾಲ್ಕೂವರೆಗೆ ಪೆಟ್ಟಿಗೆ ಸಿಗದಿದ್ರೆ ಹಾಗೇ ವಾಪಸು ಬರ್ತೀನಿ. ಒಂದು ನಿಮಿಷ ಹೆಚ್ಚು ನಿಲ್ಲಲ್ಲ.”

ಭಾವ ಅವಳನ್ನು ನೋಡಿದ. ಬೂದಿಯನ್ನೆತ್ತಿ ಕೋಟಿನೊಳಗೆ ತೂರಿಸಿಕೊಂಡ. ನೆಟ್ಟಗಿನ ಕಿವಿ ಮಾತ್ರ ಕಾಲರಿನಿಂದ ಹೊರಗೆ ಉಳಿಯಿತು.

ಅವಳು ಹತ್ತಿದಳು. ಹಿಮ ಮಂಡಿಯವರೆಗೆ ಬಂತು. ಪ್ರತಿ ನೂರು ಹೆಜ್ಜೆಗೆ ತಿರುಗಿ ತನ್ನದೇ ಹೆಜ್ಜೆಗುರುತು ಇದೆಯೇ ಎಂದು ನೋಡಿಕೊಂಡಳು. ಇತ್ತು. ಮರಗಳ ನೆರಳು ನೀಲಿಯಾಗಿ ಉದ್ದಕ್ಕೆ ಬಿದ್ದಿತ್ತು. ಎಲ್ಲೂ ಒಂದು ಸದ್ದಿಲ್ಲ. ಹೆದರಿಕೆಯಾಗಬೇಕಿತ್ತು, ಆಗುತ್ತಲೂ ಇತ್ತು. ಆದರೆ ಕಾಲು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ, ಗಡಿಯಾರ ನೋಡುವುದನ್ನೇ ಮರೆತಿದ್ದೇನೆ ಎಂದು ಗಾಬರಿಯಿಂದ ನೋಡಿದಳು. ನಾಲ್ಕೂ ಹತ್ತು.

ದಿಣ್ಣೆಯ ತುದಿಯಲ್ಲಿ ಒಂದೇ ಒಂದು ಬಂಡೆಯಿತ್ತು, ಮನೆಯೆತ್ತರ, ನಡುವೆ ನೆತ್ತಿಯಿಂದ ಬುಡದವರೆಗೆ ಸೀಳು. ಇದನ್ನು ನೋಡಿದ ಯಾರೂ ಬೇರೆ ಸುಳಿವು ಕೇಳುವುದಿಲ್ಲ. ಸೀಳಿನೊಳಗೆ ತೋಳು ಚಾಚಿದಳು. ಬೆರಳಿಗೆ ತಣ್ಣನೆಯ ತಗಡು ತಾಗಿತು.

ಪೆಟ್ಟಿಗೆಯೊಳಗಿನ ಪುಸ್ತಕ ಒಣಗಿಯೇ ಇತ್ತು. ಮೊದಲ ಪುಟದಲ್ಲಿ ದೊಡ್ಡಪ್ಪನ ಸ್ಫುಟವಾದ ಅಕ್ಷರ. ತಾರೀಖು, ಹವೆ, ಆಮೇಲೆ ‘ಪೆಟ್ಟಿಗೆ ಸ್ವಸ್ಥಾನದಲ್ಲಿದೆ.’ ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ. ಹನ್ನೊಂದು ಪುಟ, ಹನ್ನೊಂದು ತಾರೀಖು, ಪ್ರತಿಯೊಂದರ ಕೆಳಗೂ ಬೂದಿಯ ಕೆಸರುಗಾಲಿನ ಒಂದು ಅಚ್ಚು. ನಂಬದವರಿಗಾಗಿ ಮೂರು ವರ್ಷ ಬೆಟ್ಟ ಹತ್ತಿದ ಮನುಷ್ಯ, ನೋಡುವವರು ಯಾರೂ ಇಲ್ಲದ ಕಡೆ, ತಾನು ಸರಿ ಎಂದು ಬರೆದಿಟ್ಟು ಹೋಗಿದ್ದರು.

ಅವಳು ಹನ್ನೆರಡನೆಯ ಪುಟದಲ್ಲಿ ಸಹಿ ಹಾಕಿದಳು. ಎರಡು ಫೋಟೊ ತೆಗೆದಳು. ಪೆಟ್ಟಿಗೆಯನ್ನು ಮೊದಲಿದ್ದ ಜಾಗಕ್ಕೇ ತಳ್ಳಿ ಇಳಿಯತೊಡಗಿದಳು. ಅವಳು ಕಾರು ಮುಟ್ಟುವಾಗ ಕಣ್ಣಿಗೆ ದಾರಿ ಕಾಣುವಷ್ಟು ಬೆಳಕು ಮಾತ್ರ ಉಳಿದಿತ್ತು. ಒಳಗೆ ಭಾವ, ಬೂದಿ ಇಬ್ಬರೂ ಒಂದೇ ಶಾಲಿನಡಿ ಗೊರಕೆ ಹೊಡೆಯುತ್ತಿದ್ದರು.

ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿದಳು. ಅಳತೆ ತಪ್ಪಲ್ಲ ದೊಡ್ಡಪ್ಪ, ಆದರೆ... ಹನ್ನೊಂದು ಜನರೂ ಸುಳ್ಳಲ್ಲ, ಆದರೆ... ಯಾವ ‘ಆದರೆ’ಯೂ ಸರಿ ಕೂರಲಿಲ್ಲ.

ಬಾಗಿಲು ತೆರೆದಾಗ ದೊಡ್ಡಪ್ಪ ಮೇಜಿನ ಮುಂದೆ ಕೂತಿದ್ದರು. ಎದುರಿಗೆ ಅಳತೆ ಪುಸ್ತಕ, ಪೆನ್ಸಿಲು, ಲೆಕ್ಕ ತುಂಬಿದ ಹಾಳೆ. ಮೊದಲು ಬೂದಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವಳನ್ನು.

“ಮುನ್ನೂರ ಎಪ್ಪತ್ತೆಂಟು ಮೀಟರ್,” ಎಂದರು.

“ಹೂಂ ದೊಡ್ಡಪ್ಪ.”

“‘ಸೆಕೆಂಡಾ’ ಅಂತ ನೀನು ಕೇಳಿದ್ಯಲ್ಲ, ಫೋನು ಕಟ್ಟಾದ್ಮೇಲೆ ಪಟ್ಟಿ ತೆಗೆದು ನೋಡ್ದೆ.” ಕನ್ನಡಕ ತೆಗೆದು ಒರೆಸಿದರು. “ಮೂರು ವರ್ಷ ಅವರಿಗೆಲ್ಲ ಸರಿಯಾಗಿ ಹುಡುಕಿ, ಸರಿಯಾಗಿ ಹುಡುಕಿ ಅಂತ ಪಾಠ ಹೇಳಿದೀನಿ.”

“ಅಳತೆ ಒಂದು ಅಡಿಯೂ ಆಚೀಚೆ ಇಲ್ಲ. ನೇರ ಬಂಡೆ ಹತ್ರಾನೇ ಹೋದೆ.”

“ಅದು ನನಗೆ ಗೊತ್ತಮ್ಮ,” ಎಂದರು ದೊಡ್ಡಪ್ಪ. ಒಂದು ಸಣ್ಣ ನಗು ಬಂತು, ಮುಚ್ಚಿಡಲಾಗಲಿಲ್ಲ.

ಆರಕ್ಕೆ ಹದಿನೈದು ನಿಮಿಷವಿತ್ತು. ಎಚ್ಚರಮ್ಮ ಫೋಟೊ ಕಳಿಸಿದಳು. ದೊಡ್ಡಪ್ಪ ಒಂದೇ ಬೆರಳಿನಲ್ಲಿ ಟೈಪು ಮಾಡಿದರು: ‘ತಪ್ಪು ನನ್ನದು. ಸೆಕೆಂಡುಗಳನ್ನು ಹಾಗೆಯೇ ಬರೆದಿದ್ದೆ. ಹುಡುಕಿದವರೆಲ್ಲ ಸರಿಯಾಗಿಯೇ ಹುಡುಕಿದ್ದಾರೆ. ಕ್ಷಮಿಸಿ.’ ಕೆಳಗೆ ಹೊಸ ಅಂಕಿ. ಬೆರಳು ಗುಂಡಿಯ ಮೇಲೆ ತಡೆಯಿತು. ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದರು.

“ನೀನೊಂದ್ಸಲ ನೋಡು.”

ಆ ಮನೆಯಲ್ಲಿ ಅವರು ತಮ್ಮ ಅಂಕಿಯನ್ನು ಬೇರೆಯವರಿಗೆ ತೋರಿಸಿದ್ದನ್ನು ಯಾರೂ ಕಂಡಿರಲಿಲ್ಲ. ಅವಳು ಪುಸ್ತಕಕ್ಕೆ ಹೋಲಿಸಿ, ಜೋರಾಗಿ, ಒಂದೊಂದೇ ಅಂಕಿ ಓದಿದಳು. ಸರಿಯಿತ್ತು. ಅವರು ಗುಂಡಿ ಒತ್ತಿದರು. ಭಾವ ಟೀ ತಂದಿಟ್ಟ. ಬೂದಿ ಒಲೆಯ ಪಕ್ಕ ಉರುಳಿ ನಾಲ್ಕೂ ಕಾಲು ಚಾಚಿತು.

ದೊಡ್ಡಪ್ಪ ಹನ್ನೊಂದು ಹೆಸರುಗಳ ಮೇಲೆ ಕಣ್ಣಾಡಿಸುತ್ತ ಏಳನೆಯದರಲ್ಲಿ ನಿಂತರು.

“ನೋಡು, ಈತ ನಾಲ್ಕು ಸಲ ಬಂದಿದಾನೆ. ಮಳೇಲೂ ಬಂದಿದಾನೆ. ಕೈಗವಸು ಬೇರೆ ಕಳ್ಕೊಂಡನಂತೆ.” ಟೀ ಗುಟುಕರಿಸಿದರು. “ನಾನು ನಡೆಯೋ ಹಾಗಾಗಲಿ, ಅವನನ್ನ ಕರ್ಕೊಂಡು ನಾನೇ ಹೋಗ್ತೀನಿ. ಈ ಸಲ ಬಾಯಿ ಮುಚ್ಕೊಂಡು ಅವನ ಹಿಂದೆ ನಡೀತೀನಿ.”